ಡೆಲ್ಮೊ ಕೇಳಿದ ಸದ್ದು

ನನ್ನ ಗಂಡ ಡೆಲ್ಮೊ ಎಂಬತ್ತು ಕಿಲೋ ತೂಕದ ಒಂದು ಬೈಕಿಗೆ ಮನಸೋತಿದ್ದ. ಅವನ ತೂಕ ಅದಕ್ಕಿಂತ ಹದಿನೈದು ಕಿಲೋ ಜಾಸ್ತಿ. ಅವನ ಸಂಕಟ ಶುರುವಾದದ್ದೇ ಅಲ್ಲಿ.

ನಮ್ಮ ಲೂಗೊ ಊರಿನ ಬಾಲ್ದಿಯವರ ವರ್ಕ್‌ಶಾಪಿನಲ್ಲಿ ರೇಸಿಗೆಂದೇ ಕಟ್ಟಿದ ಬೈಕು ಅದು. ಒಂದೇ ಸಿಲಿಂಡರ್, ನೂರಿಪ್ಪತ್ತೈದು ಸಿಸಿ, ಐದು ಗೇರು. ನಿಮಿಷಕ್ಕೆ ಹತ್ತು ಸಾವಿರ ಸುತ್ತು ತಿರುಗಿದರೆ ಹದಿನೆಂಟು ಕುದುರೆಯ ಶಕ್ತಿ. ಅಷ್ಟು ಚಿಕ್ಕ ಎಂಜಿನ್ನಿಗೆ ಸವಾರನ ಒಂದೊಂದು ಕಿಲೋವೂ ಹೊರೆ. ಹಾಗಾಗಿ ಓಡಿಸುವವನು ಕಡ್ಡಿಯಂಥ ನೇವಿಯೊ. ಕಟ್ಟುವವನು, ಬಿಚ್ಚುವವನು, ರೇಸಿನ ಬೆಳಿಗ್ಗೆ ಸ್ಟ್ಯಾಂಡಿನ ಮೇಲೆ ಬಿಸಿ ಮಾಡುವವನು ಡೆಲ್ಮೊ. ಪಕ್ಕದಲ್ಲಿ ಮಂಡಿಯೂರಿ, ತಲೆ ವಾಲಿಸಿ, ಬರೀ ಸದ್ದಿನಿಂದಲೇ ಎಂಜಿನ್ನಿನ ಆರೋಗ್ಯ ಹೇಳುತ್ತಿದ್ದ. ಕೀಲೆಣ್ಣೆಯಾಗಿ ಅದು ಕುಡಿಯುತ್ತಿದ್ದುದು ಹರಳೆಣ್ಣೆ. ಆ ವಾಸನೆ ಅವನ ಅಂಗಿಯಿಂದ ನಮ್ಮ ಹಾಸಿಗೆಯವರೆಗೂ ಬಂದು, ಸವತಿಯ ಜೊತೆ ಸಂಸಾರ ಮಾಡಿದ ಹಾಗೆ ನನಗೆ ರೋಸಿಹೋಗಿತ್ತು.

"ಒಂದೇ ಒಂದು ರೇಸು, ಇಯೋಲೆ. ಶುರುವಿಂದ ಕೊನೇವರೆಗೂ," ಎನ್ನುತ್ತಿದ್ದ ಊಟಕ್ಕೆ ಕೂತಾಗ.

"ಹಾಗಿದ್ರೆ ಆ ಎರಡನೇ ತಟ್ಟೆ ಕಪ್ಪೆಲೆತ್ತಿ ಕಡುಬು ಇತ್ಲಾಗೆ ಕೊಡು."

ಕೊಡುತ್ತಿರಲಿಲ್ಲ.

ಒಂದು ವಸಂತದಲ್ಲಿ, ಚೆಸೆನಾತಿಕೊ ಕಡಲ ದಂಡೆಯ ರೇಸಿನ ಹೊತ್ತಿಗೆ ಸರಿಯಾಗಿ, ನೇವಿಯೊಗೆ ಮಂಗನಬಾವು ಬಂದು ಕೆನ್ನೆ ಹೆಲ್ಮೆಟ್ಟಿನೊಳಗೆ ಹಿಡಿಸಲಿಲ್ಲ.

"ಗಾಡಿ ಹತ್ತು ಡೆಲ್ಮೊ," ಎಂದರು ಬಾಲ್ದಿ. "ಗೆಲ್ಲೋದೇನೂ ಬೇಡ. ಮುಗಿಸ್ಕೊಂಡು ಬಾ, ಸಾಕು."

"ಟೈರಿಗೆ ಇನ್ನೊಂದಿಷ್ಟು ಗಾಳಿ ಹಾಕ್ಸಿ ಯಜಮಾನ್ರೇ," ಎಂದೆ ನಾನು. ಎಲ್ಲರೂ ನಕ್ಕರು. ಡೆಲ್ಮೊ ಆಗಲೇ ಹೆಲ್ಮೆಟ್ಟಿನ ಪಟ್ಟಿ ಬಿಗಿಯುತ್ತಿದ್ದ.

ಆಗಿನ ರೇಸುಗಳಲ್ಲಿ ಎಂಜಿನ್ ಆರಿಸಿ ನಿಂತು, ಬಾವುಟ ಬಿದ್ದೊಡನೆ ತಳ್ಳಿಕೊಂಡು ಓಡಿ ಹತ್ತಬೇಕಿತ್ತು. ಅವನೂ ಓಡಿದ. ಮೊದಲ ಸುತ್ತಿನಲ್ಲಿ, ಹೊಟ್ಟೆಯನ್ನು ಟ್ಯಾಂಕಿಗೆ ಒತ್ತಿಕೊಂಡು, ಎಲ್ಲರಿಗಿಂತ ಹಿಂದೆ ನನ್ನೆದುರು ಹಾದುಹೋದ. ನಗುತ್ತಿದ್ದ. ಮದುವೆಯ ದಿನವೂ ಅವನು ಹಾಗೆ ನಕ್ಕಿರಲಿಲ್ಲ. ಆದರೂ ನನಗೆ ಸಂತೋಷದಿಂದ ಕಣ್ಣು ತುಂಬಿತು.

ಎರಡನೇ ಸುತ್ತಿನಲ್ಲಿ ಕೈ ಎತ್ತಿ, ಎಂಜಿನ್ ಆರಿಸಿ, ದಾರಿಯಂಚಿಗೆ ತಡೆಯಾಗಿ ಪೇರಿಸಿದ್ದ ಹುಲ್ಲಿನ ಹೊರೆಗಳ ಪಕ್ಕ ನಿಂತುಬಿಟ್ಟ.

"ಏನಾಯ್ತೋ?" ಎಂದು ಬಾಲ್ದಿ ಓಡಿದರು.

"ಟ್ಯಾಂಕಿನ ಕೆಳಗೆ ಏನೋ ಕೊಯ್ಯೋ ಹಾಗೆ ಕೀರಲು ಸದ್ದು ಬರ್ತಾ ಇದೆ. ಕ್ಯಾಮ್ ಗೇರಿನ ಹಲ್ಲು ಹೋಗಿರ್ಬೇಕು. ಇನ್ನೊಂದು ಸುತ್ತು ಹೋಗಿದ್ರೆ ಎಂಜಿನ್ ಚೂರು."

ಮರುದಿನ ಎಂಜಿನ್ ಬಿಚ್ಚಿದ. ಗೇರುಗಳು ಹೊಸದರಂತಿದ್ದವು. ಮತ್ತೆ ಜೋಡಿಸಿ ಮತ್ತೆ ಬಿಚ್ಚಿದ. ಏನೂ ಸಿಗಲಿಲ್ಲ. ನಾನು ಬುತ್ತಿ ಒಯ್ದಿದ್ದೆ, ಅವನು ಅದರತ್ತ ತಿರುಗಿಯೂ ನೋಡಲಿಲ್ಲ.

ನೇವಿಯೊ ವಾಸಿಯಾಗಿ ಬಂದ ದಿನವೂ ನಾನು ಅಲ್ಲೇ ಇದ್ದೆ. ಡೆಲ್ಮೊ ಅವನ ತೋಳು ಹಿಡಿದುಕೊಂಡ.

"ಮೇಲೆ ಕೂತು ಪೂರ್ತಿ ಬಿಟ್ಟಾಗ, ಕೆಳಗಿಂದ ಒಂದು ಕೀರಲು ಸದ್ದು ಬರುತ್ತೇನೋ?"

"ಯಾವಾಗ್ಲೂ ಬರುತ್ತಲ್ಲ ಅಣ್ಣ! ಅದು ಬಂದ್ರೇನೇ ಗಾಡಿ ಹದಕ್ಕೆ ಬಂತು ಅಂತ. ಪಕ್ಕದಲ್ಲಿ ನಿಂತೋರಿಗೆ ಕೇಳ್ಸಲ್ಲ."

ಡೆಲ್ಮೊ ಅವನ ತೋಳು ಬಿಟ್ಟ. ಮುಂದಿನ ವಾರದಿಂದ ನೇವಿಯೊನೇ ಓಡಿಸಿದ. ಡೆಲ್ಮೊಗೆ ಗಾಡಿ ಹತ್ತು ಎಂದು ಮತ್ತೆ ಯಾರೂ ಹೇಳಲಿಲ್ಲ. ನೇವಿಯೊ ಹಾಗೆಂದ ದಿನದ ಸಂಜೆ ಮನೆಗೆ ನಡೆದು ಬರುವಾಗ ಅವನು ನನ್ನ ಕೈ ಹಿಡಿದುಕೊಂಡ. ಬೀದಿಯಲ್ಲಿ ಹಾಗೆ ಹಿಡಿಯುವವನಲ್ಲ.

"ಅದು ಚೆನ್ನಾಗೇ ಇತ್ತು ಕಣೆ, ಇಯೋಲೆ," ಎಂದ. "ನಾನೇ ನಿಲ್ಲಿಸ್ಬಿಟ್ಟೆ."