ಹುಣಸೆಮರದಡಿ ನಿಂತ ಮಗ

ಹಾವಿಗೂ ಹೆದರದ ಬೈರಮ್ಮ ಜೀಪಿಗೆ ಹೆದರುತ್ತಿದ್ದಳು. ತಮಿಳುನಾಡಿನ ಗಡಿಯೊಳಗಿನ ಬೇರಿಕೆಯ ಆಚೆಗಿನ ಅವಳ ಹಳ್ಳಿಯಲ್ಲಿ ಆ ವರ್ಷ ಹೆದರದವರೇ ಇರಲಿಲ್ಲ ಅನ್ನಿ. ಎಮರ್ಜೆನ್ಸಿ ಕಾಲ ಅದು. ಸಂತೆಗೆ ಹೋದ ಗಂಡಸರನ್ನು ಜೀಪಿಗೆ ತುಂಬಿಕೊಂಡು ಹೋಗಿ, ಮಕ್ಕಳಾಗದ ಹಾಗೆ ಆಪರೇಷನ್ ಮಾಡಿ ಕಳಿಸುತ್ತಾರೆ ಎಂಬ ಸುದ್ದಿ ಮನೆಮನೆಯಲ್ಲೂ ಓಡಾಡುತ್ತಿತ್ತು. ಕಣ್ಣಾರೆ ಕಂಡವರು ಒಬ್ಬರೂ ಇಲ್ಲ, ಕೇಳಿದವರೇ ಎಲ್ಲರೂ.

ಅವಳಿಗಿದ್ದವನು ಒಬ್ಬನೇ ಮಗ, ಚಿನ್ನಸ್ವಾಮಿ. ಅವನಿಗೊಂದು ಹೆಣ್ಣುಮಗು. ವಂಶ ಅಷ್ಟಕ್ಕೇ ನಿಂತುಹೋದರೆ ಎಂಬುದೇ ಬೈರಮ್ಮನ ಚಿಂತೆ. ಜೀಪಿನ ಸದ್ದಾದರೆ ಸಾಕು, "ಹೋಗ್ಲಾ, ಸೊಪ್ಪಿನ ತೋಟದಾಗೆ ಕೂತ್ಕೋ" ಎಂದು ಹಿತ್ತಿಲ ಬಾಗಿಲಿಂದ ಅಟ್ಟುತ್ತಿದ್ದಳು. ಆಳೆತ್ತರದ ಹಿಪ್ಪುನೇರಳೆಯೊಳಗೆ ಅವನು ಹೊತ್ತು ಮುಳುಗುವ ತನಕ ಕೂತದ್ದೂ ಉಂಟು.

ಇಂಥ ಕಾಲದಲ್ಲೇ ಅವಳ ಎರಡೂ ಕಣ್ಣಿಗೆ ಪೊರೆ ಬಂತು. ತಟ್ಟೆಯಲ್ಲಿ ರೋಗ ಹತ್ತಿದ ರೇಷ್ಮೆಹುಳು ಆರಿಸಿ ಎಸೆಯುವುದು ಆ ಮನೆಯಲ್ಲಿ ಅವಳ ಕೆಲಸ. ಒಳ್ಳೆಯದನ್ನು ಎಸೆದು ರೋಗದ್ದನ್ನು ಉಳಿಸಿದಳು, ಬೆಳೆ ಪೂರಾ ಕೈಕೊಟ್ಟಿತು. ಸೊಸೆ ಒಂದು ಮಾತೂ ಆಡಲಿಲ್ಲ. ಆಡಿದ್ದರೆ ಜಗಳವಾಡಿ ಹಗುರಾಗಬಹುದಿತ್ತು. ಕುರುಡಿಯಾಗಿ ಮೂಲೆ ಸೇರುತ್ತೇನೆ ಎಂಬ ದಿಗಿಲು ಅಂದು ಅವಳೊಳಗೆ ಹೊಕ್ಕಿತು.

ಬೇರಿಕೆಯ ಸ್ಕೂಲಿನಲ್ಲಿ ಸರ್ಕಾರದವರು ಪುಕ್ಕಟೆ ಕಣ್ಣು ನೋಡುತ್ತಾರೆ ಎಂದು ತಮಟೆ ಹೊಡೆದು ಸಾರಿದಾಗ ಅವಳೇ ಮೊದಲು ಬೇಡ ಅಂದಳು. "ಕಣ್ಣು ಅಂತ ಕರೀತಾರೆ. ಒಳಕ್ಕೆ ಹೋದ್ಮೇಲೆ ಯಾರಿಗೆ ಏನು ಕುಯ್ತಾರೋ."

"ನಡಿಯವ್ವ, ನಾನಿವ್ನಿ" ಎಂದು ಚಿನ್ನಸ್ವಾಮಿಯೇ ಹೊರಡಿಸಿದ. ಸ್ಕೂಲಿನ ತಿರುವಿನಲ್ಲಿ ಅವಳು ಅವನನ್ನು ಹುಣಸೆಮರದಡಿ ತಡೆದಳು. "ನೀನಿಲ್ಲೇ ನಿಂತಿರು. ನೋಡ್ಕಂಡು ಬಂದು ಕರೀತೀನಿ."

ಗೇಟಿನ ಒಳಗೆ ಜೀಪು ನಿಂತಿತ್ತು. ಜಗಲಿಯ ಮೇಲೆ ಖಾಕಿ ಬಟ್ಟೆ. ಒಂದಲ್ಲ, ಮೂರು. ಮುಖ ಮಾತ್ರ ಮಂಜು ಮಂಜು. ಹಿಂತಿರುಗುವಷ್ಟರಲ್ಲಿ ನರ್ಸಮ್ಮ ಕೈ ಹಿಡಿದು ಡಾಕ್ಟರ ಮುಂದೆ ಕೂರಿಸಿಬಿಟ್ಟಳು.

ಡಾಕ್ಟರು ರೆಪ್ಪೆ ಎತ್ತಿ ಬ್ಯಾಟರಿ ಬಿಟ್ಟು ನೋಡಿದರು. ಪೊರೆ ಬಲಿತಿದೆ, ತಡಮಾಡಬಾರದು, ಕೃಷ್ಣಗಿರಿಗೆ ಕರೆದುಕೊಂಡು ಹೋಗಿ ತೆಗೆಯುತ್ತೇವೆ, ಊಟ ಔಷಧಿ ಎಲ್ಲ ಸರ್ಕಾರದ್ದೇ ಎಂದರು. ಆದರೆ ಮನೆಯವರೊಬ್ಬರು ಜೊತೆಗಿರಲೇಬೇಕು, ಇಲ್ಲದಿದ್ದರೆ ಸೇರಿಸಿಕೊಳ್ಳುವುದಿಲ್ಲ.

"ಕೂಡ ಯಾರಮ್ಮಾ ವಂದಿರುಕ್ಕಾಂಗ?" ಜೊತೆಗೆ ಬಂದವರು ಯಾರೆಂದು ತಮಿಳಿನಲ್ಲಿ ಕೇಳಿದರು.

ಖಾಕಿಯೊಂದು ಜಗಲಿ ಬಿಟ್ಟು ಇತ್ತಲೇ ಬರುತ್ತಿತ್ತು.

"ಯಾರೂ ಇಲ್ಲ, ಸಾಮಿ."

"ಮಗ?"

"ನಂಗೆ ಮಕ್ಕಳೇ ಇಲ್ಲ."

ಬದುಕಿರುವ ಮಗನನ್ನು ಇಲ್ಲ ಅಂದುಬಿಟ್ಟಿದ್ದಳು. ಬಿಡ್ತು ಬಿಡ್ತು ಎಂದು ಮನಸ್ಸಿನಲ್ಲೇ ಹೇಳಿಕೊಂಡು ಎದ್ದುಬಿಟ್ಟಳು. ಹುಣಸೆಮರದ ಹತ್ತಿರ ಮಗನ ರಟ್ಟೆ ಹಿಡಿದು, "ನಡೀಲಾ, ಪೊಲೀಸ್ನೋರವ್ರೆ" ಎಂದು ಎಳೆದುಕೊಂಡು ಊರು ಸೇರಿದಳು.

ಸಂಜೆ ಅವರದೇ ಬೀದಿಯ ಬಸ್ ಕಂಡಕ್ಟರ್ ಲಕ್ಷ್ಮಣಪ್ಪ ಬಂದು ಜಗಲಿಯಲ್ಲಿ ಕೂತ. "ಏನ್ ಬೈರಕ್ಕ, ನಿನ್ನ ಮಾತಾಡ್ಸಾನ ಅಂತ ಬಂದ್ರೆ ಹಂಗೇ ಎದ್ದೋಗ್ಬುಟ್ಟೆ. ನಾವು ಬಸ್ಸಿನೋರು ಮೂರು ಜನ ಕಣ್ಣು ತೋರ್ಸಕ್ಕೆ ಡ್ಯೂಟಿ ಬಟ್ಟೇಲೇ ಹೋಗಿದ್ವಿ. ಮಕ್ಕಳೇ ಇಲ್ಲ ಅಂದ್ಯಂತೆ, ಯಾಕೆ?"

ಚಿನ್ನಸ್ವಾಮಿ ತಾಯಿಯ ಮುಖ ನೋಡಿದ. ಬೆಳಗಾಗೆದ್ದು ಅವಳನ್ನು ಕರೆದುಕೊಂಡು ಓಡಿದರೆ ಸ್ಕೂಲಿಗೆ ಬೀಗ, ಡಾಕ್ಟರ ಜೀಪು ಹೊರಟುಹೋಗಿತ್ತು. ಕೃಷ್ಣಗಿರಿಗೇ ಹೋಗೋಣ ಎಂದು ಅವನು ಬೇಡಿಕೊಂಡ. ಇವರು ಮೂವರು ಬಸ್ಸಿನವರಾದರು ಸರಿ, ಅಲ್ಲಿರುವವರೆಲ್ಲ ಬಸ್ಸಿನವರೇ ಅಂತ ಯಾವ ಗ್ಯಾರಂಟಿ? ಈ ಕಾಲ ಒಂದು ಕಳೆಯಲಿ ಎಂದು ಬೈರಮ್ಮ ಹಟ ಹಿಡಿದಳು.

ಕಾಲವೇನೋ ಕಳೆಯಿತು. ಅಷ್ಟರಲ್ಲಿ ಕಣ್ಣು ಕೆಂಪಗಾಗಿ, ತಲೆ ಸಿಡಿಯುವಂಥ ನೋವು ಬಂದು, ಅದೂ ತಾನಾಗಿಯೇ ಅಡಗಿತ್ತು. ಮರುವರ್ಷ ಅದೇ ಸ್ಕೂಲಿಗೆ ಡಾಕ್ಟರು ಬಂದರು. ಈ ಸಲ ಮಗ ಒಳಗೇ ಬಂದು ಅವಳ ಹೆಗಲ ಮೇಲೆ ಕೈ ಇಟ್ಟು ನಿಂತ. ಕೇಳುವ ಮೊದಲೇ ಅವಳು, "ಇವ್ನು ನನ್ನ ಮಗ, ಸಾಮಿ" ಅಂದಳು.

ಡಾಕ್ಟರು ಬಗ್ಗಿ ರೆಪ್ಪೆ ಎತ್ತಿದರು. "ಹೋದ್ವರ್ಷಾನೇ ಕೃಷ್ಣಗಿರಿಗೆ ಎತ್ಕೊಂಡಾದ್ರೂ ಬರ್ಬೇಕಿತ್ತು ಸಾಮಿ, ತಪ್ಪು ನಂದೇ" ಎಂದ ಮಗ. ಇವನು ಬಾಳೆಲ್ಲ ಕೊರಗುತ್ತಾನೆ ಎಂದು ಅವಳಿಗೆ ಭಯವಾಯಿತು.

"ಬೆಳಕು ಕಾಣ್ತದಾಮ್ಮ?"

"ಕಾಣ್ತದೆ ಸಾಮಿ, ಚೆನ್ನಾಗಿ ಕಾಣ್ತದೆ."

ಆಮೇಲಷ್ಟೇ ಬ್ಯಾಟರಿ ಹತ್ತಿಸುವ ಗುಂಡಿ ಒತ್ತಿದ ಸದ್ದು ಕೇಳಿಸಿತು.