ಗೋಡೆಯ ಮೇಲಿನ ಒಂಬತ್ತನೆಯದು

ಪ್ಲೂಟೊ ಇನ್ನು ಮುಂದೆ ಗ್ರಹವಲ್ಲ ಎಂಬ ಸುದ್ದಿ ಪೇಪರಿನಲ್ಲಿ ಬಂದ ದಿನ ನಾನು ಕನಕಪುರದಿಂದ ಸಾತನೂರಿಗೆ ಹೋಗುವ ಬೆಳಗಿನ ಬಸ್ಸಿನಲ್ಲಿ ಕಂಬಿ ಹಿಡಿದು ನಿಂತಿದ್ದೆ. ಸಾತನೂರಿನಾಚೆಯ ಒಂದು ಹಳ್ಳಿಯ ಸರ್ಕಾರಿ ಶಾಲೆಯಲ್ಲಿ ನಾನು ವಿಜ್ಞಾನದ ಟೀಚರು. ಆ ಬಸ್ಸಿನಲ್ಲಿ ಸೀಟಿಗೆ ಬರವಿತ್ತೇ ಹೊರತು ಮಾತಿಗೆ ಇರಲಿಲ್ಲ. ಹಾಲಿನ ಡೇರಿಯ ಕಾರ್ಯದರ್ಶಿ ಸುದ್ದಿಯನ್ನು ಎಲ್ಲರಿಗೂ ಕೇಳುವಂತೆ ಓದಿದರು. ಎಲ್ಲೋ ಪರದೇಶದಲ್ಲಿ ವಿಜ್ಞಾನಿಗಳು ಸಭೆ ಸೇರಿ, ಗ್ರಹ ಎಂದರೆ ಯಾವುದು ಎಂದು ತೀರ್ಮಾನಿಸಿ, ಕೈ ಎತ್ತಿ ಒಪ್ಪಿಗೆ ಕೊಟ್ಟು ಒಂಬತ್ತನೆಯದನ್ನು ಹೊರಗಿಟ್ಟಿದ್ದರು. ಕೈ ಎತ್ತಿದರು ಅನ್ನುವುದೊಂದೇ ಬಸ್ಸಿನವರಿಗೆ ಚೆನ್ನಾಗಿ ಅರ್ಥವಾದದ್ದು. ಆ ಮಳೆಗಾಲದಲ್ಲೇ ಪಕ್ಕದ ಪಂಚಾಯ್ತಿಯ ಅಧ್ಯಕ್ಷನನ್ನು ಅವಿಶ್ವಾಸ ತಂದು ಹಾಗೇ ಇಳಿಸಿದ್ದರು.

"ಅಲ್ಲ, ಅದರ ಕಡೆಯೋರು ಒಬ್ರೂ ಇರ್ನಿಲ್ವಾ ಸಭೇಲಿ?" ಎಂದು ಹಿಂದಿನ ಸೀಟಿನವರು ಕೇಳಿದರು. ಎಲ್ಲರೂ ನಕ್ಕರು. ನಾನೂ ನಕ್ಕೆ. ಆ ವಿಷಯಕ್ಕೆ ನಾನು ನಕ್ಕದ್ದು ಅದೇ ಕೊನೆ.

ಶಾಲೆಗೆ ಹೋದರೆ ಅಲ್ಲೂ ಅದೇ ಪಂಚಾಯಿತಿ. ಗಣಿತದ ಮೇಷ್ಟ್ರು, ಚಿಕ್ಕಂದಿನಿಂದ ಬಾಯಿಪಾಠ ಮಾಡಿದ್ದನ್ನು ಯಾರೋ ಕಿತ್ತುಕೊಂಡರು ಅನ್ನುವಂತೆ ಮುಖ ಊದಿಸಿಕೊಂಡು ಕೂತಿದ್ದರು. ಹೆಡ್‌ಮಾಸ್ಟರು ಮೇಲಿನಿಂದ ಆದೇಶ ಬರುವ ತನಕ ಒಂಬತ್ತೇ ಎಂದು ಹೇಳಿ ಕೈ ತೊಳೆದುಕೊಂಡರು. ಮಕ್ಕಳಿಗೆ ಬೇಕಾಗಿದ್ದದ್ದು ಪರೀಕ್ಷೆಯಲ್ಲಿ ಎಂಟು ಬರೆಯಬೇಕೋ ಒಂಬತ್ತು ಬರೆಯಬೇಕೋ ಅನ್ನುವುದಷ್ಟೇ. ನಾನು ಬೋರ್ಡಿನ ಮೇಲೆ ಬರೆದು ವಿವರಿಸಿದೆ. ಗ್ರಹ ಅನ್ನಿಸಿಕೊಳ್ಳಬೇಕಾದರೆ ಸೂರ್ಯನನ್ನು ಸುತ್ತುತ್ತಿರಬೇಕು. ಗುಂಡಗಿರಬೇಕು. ಜೊತೆಗೆ ತಾನು ಸುತ್ತುವ ದಾರಿಯ ಆಸುಪಾಸನ್ನು ತೆರವು ಮಾಡಿಕೊಂಡಿರಬೇಕು. ಪ್ಲೂಟೊ ಮೊದಲ ಎರಡರಲ್ಲಿ ಪಾಸು, ಕೊನೆಯದರಲ್ಲಿ ಫೇಲು.

ಅಡುಗೆಕೋಣೆ ನಮ್ಮ ತರಗತಿಗೆ ಅಂಟಿಕೊಂಡಂತೆಯೇ ಇತ್ತು. ಬಾಗಿಲಲ್ಲಿ ಬಿಸಿಯೂಟದ ಅಡುಗೆಯಮ್ಮನೂ ಅವಳ ಮಗಳೂ ಅಕ್ಕಿ ಆರಿಸುತ್ತಾ ಕೂತಿದ್ದರು. ಇಬ್ಬರೂ ನನ್ನ ಪಾಠ ಕೇಳುತ್ತಿದ್ದಾರೆ ಎಂದು ನನಗೆ ಗೊತ್ತಿತ್ತು. ಯಾಕೆ ಅಷ್ಟು ಕಿವಿಗೊಟ್ಟು ಕೇಳುತ್ತಿದ್ದಾರೆ ಅನ್ನುವುದೂ ಗೊತ್ತಿತ್ತು.

ಮಗಳನ್ನು ವಿರೂಪಾಕ್ಷಿಪುರದ ಕಡೆ ಕೊಟ್ಟಿದ್ದರು. ಹಿಪ್ಪುನೇರಳೆ ತೋಟ, ರೇಷ್ಮೆಹುಳು ಸಾಕುವ ಮನೆ. ಇವಳು ಕಾಲಿಟ್ಟ ವರ್ಷವೇ ಅವರ ಹುಳುಗಳಿಗೆ ಸುಣ್ಣಕಟ್ಟು ರೋಗ ಬಂತು. ಆ ರೋಗ ಬಂದರೆ ಹುಳು ಸತ್ತು, ಒಣಗಿ, ಸುಣ್ಣದ ಕಡ್ಡಿಯಂತೆ ಬೆಳ್ಳಗಾಗುತ್ತದೆ. ಮುಂದಿನ ಬೆಳೆಯೂ ಹಾಗೇ ಹೋಯಿತು. ನಮ್ಮ ಕಡೆ ಹುಳುಮನೆಗೆ ಹೊರಗಿನವರನ್ನು ಬಿಡುವುದಿಲ್ಲ. ಯಾರ ಕಾಲಿನಲ್ಲಿ ಏನು ಬರುತ್ತದೋ ಎಂಬ ಭಯ. ಮೊದಲು ಸೊಸೆಯನ್ನು ಹುಳುಮನೆಗೆ ಬರಬೇಡ ಎಂದರು. ಆಮೇಲೆ ಜಾತಕ ತೋರಿಸಿದರು. ಹುಡುಗಿಗೆ ಕೇತು ದಶೆ ನಡೆಯುತ್ತಿದೆ, ಅದು ಏಳು ವರ್ಷದ್ದು, ಮುಗಿದ ಮೇಲೆ ಶುಕ್ರ ದಶೆ ಬಂದು ಎಲ್ಲಾ ಒಳ್ಳೆಯದಾಗುತ್ತದೆ ಎಂದರಂತೆ ಜಾತಕ ನೋಡಿದವರು. ಒಳ್ಳೆಯದಾದ ಮೇಲೆ ಬರಲಿ ಎಂದು ಅತ್ತೆ ಅವಳನ್ನು ತವರಿಗೆ ಕಳುಹಿಸಿಬಿಟ್ಟಳು. ಗಂಡ ಬಸ್ಸು ಹತ್ತಿಸಿ ಹೋದ.

ನಮ್ಮ ಶಾಲೆಯ ಹೊರಗೋಡೆಯ ಮೇಲೆ ಹಿಂದೆ ಇದ್ದ ಡ್ರಾಯಿಂಗ್ ಮೇಷ್ಟ್ರು ಸೌರಮಂಡಲ ಬರೆದಿದ್ದರು. ನಡುವೆ ಸೂರ್ಯ, ಸುತ್ತ ಒಂಬತ್ತು. ಮಳೆಗೆ ಅಕ್ಷರಗಳು ಅಳಿಸಿ ಬಣ್ಣದ ಗುಂಡುಗಳು ಮಾತ್ರ ಉಳಿದಿದ್ದವು. ಅಡುಗೆಯಮ್ಮನಿಗೆ ಓದು ಬರುತ್ತಿರಲಿಲ್ಲ, ಅಕ್ಷರ ಇದ್ದಿದ್ದರೂ ಏನೂ ವ್ಯತ್ಯಾಸವಾಗುತ್ತಿರಲಿಲ್ಲ. ದೇವಸ್ಥಾನದ ನವಗ್ರಹದ ಕಟ್ಟೆಯಲ್ಲೂ ಸೂರ್ಯ ನಡುವೆಯೇ ಇರುವುದಲ್ಲವೇ? ಮಕ್ಕಳು ದಿನಾ ಬುಧ, ಶುಕ್ರ, ಮಂಗಳ, ಗುರು, ಶನಿ ಎಂದು ಕೂಗುವುದು ಅವಳ ಕಿವಿಗೆ ಬೀಳುತ್ತಿತ್ತು. ಕೊನೆಯ ಹೆಸರುಗಳು ರಾಹು ಕೇತುಗಳ ಇಂಗ್ಲಿಷು ಎಂದು ಅವಳು ತಾನೇ ನಿರ್ಧರಿಸಿಕೊಂಡಿದ್ದಳು. ಅಂಚಿನಲ್ಲಿದ್ದ ಹೊಗೆಬಣ್ಣದ ಪುಟ್ಟ ಗುಂಡು ಕೇತು. ಪಟ್ಟಣದ ದೇವಸ್ಥಾನಕ್ಕೆ ವಾರವಾರ ಹೋಗಲು ಆಗುತ್ತಿರಲಿಲ್ಲ, ಮಂಗಳವಾರ ಬಂದರೆ ಗೋಡೆಯ ಬುಡದಲ್ಲಿ ಒಂದು ಹಿಡಿ ಹುರುಳಿ ಇಟ್ಟು ಕೈ ಮುಗಿಯುತ್ತಿದ್ದಳು. ಕೇತುವಿಗೆ ಹುರುಳಿಯೇ ಆಗಬೇಕು. ಇಂಟರ್ವಲ್ ಹೊತ್ತಿಗೆ ಅದನ್ನು ಕೋಳಿಗಳು ಮುಗಿಸುತ್ತಿದ್ದವು. ಅದು ಕೇತುವಲ್ಲ ಕಣಮ್ಮ ಎಂದು ನಾನು ಹೇಳದೆ ಬಿಟ್ಟಿರಲಿಲ್ಲ. ನಿಮ್ಮ ಹೆಸರು ನಿಮಗೆ, ನಮ್ಮ ಹೆಸರು ನಮಗೆ ಎಂದಿದ್ದಳು. ನನಗೆ ಮೂಗಿನ ತುದಿಯಲ್ಲೇ ಸಿಟ್ಟು, ಆದರೆ ಆ ಮುಖದ ಮುಂದೆ ಸಿಟ್ಟು ಮಾಡಲು ಬರಲಿಲ್ಲ.

ಕೊನೆಗೂ ಹೆಡ್‌ಮಾಸ್ಟರಿಗೆ ಜ್ಞಾನೋದಯವಾಯಿತು. ತಪಾಸಣೆಗೆ ಸಾಹೇಬರು ಬರುತ್ತಾರೆ ಎಂದು ಗೊತ್ತಾದ ಕೂಡಲೇ ಸುಣ್ಣ ತರಿಸಿ, ತಾವೇ ಕುಂಚ ಹಿಡಿದು ಒಂಬತ್ತನೆಯದರ ಮೇಲೆ ಬಳಿದುಬಿಟ್ಟರು. ಅಡುಗೆಯಮ್ಮ ಸಾರಿನ ಸೌಟು ಹಿಡಿದುಕೊಂಡೇ ಹೊರಗೆ ಬಂದು ನೋಡಿದಳು. ಅವಳು ಅಳುತ್ತಾಳೆ ಅಂದುಕೊಂಡಿದ್ದೆ. ಅವಳ ಮುಖ ಅರಳಿತ್ತು. ಅಂಥ ಮುಖವನ್ನು ನಾನು ಅವಳಲ್ಲಿ ಅದಕ್ಕೆ ಮೊದಲೂ ನೋಡಿರಲಿಲ್ಲ, ಆಮೇಲೂ ನೋಡಲಿಲ್ಲ.

ಮುಂದಿನ ಭಾನುವಾರ ಬೀಗರ ಮನೆಗೆ ಹೋಗಿ ಬಂದಳಂತೆ. ಅದೇ ವಾರ, ಊಟದ ಹೊತ್ತು ಮುಗಿದ ಮೇಲೆ, ಅವಳ ಬೀಗಿತ್ತಿಯೂ ಅಳಿಯನೂ ಶಾಲೆಗೇ ಬಂದರು. ಅಡುಗೆಯಮ್ಮ ಅವರನ್ನು ನೇರ ಗೋಡೆಯ ಮುಂದೆ ನಿಲ್ಲಿಸಿ ಬಿಳಿಯ ಜಾಗ ತೋರಿಸಿದಳು. ಸರ್ಕಾರದವರೇ ಕೇತುವನ್ನು ತೆಗೆದುಹಾಕಿದ್ದಾರೆ, ಪೇಪರಿನಲ್ಲೂ ಬಂದಿದೆ, ಇನ್ನು ದಶೆ ಎಲ್ಲಿಯದು, ಮಗಳನ್ನು ಕರೆದುಕೊಂಡು ಹೋಗಿ ಎಂದಳು. ಮಗಳು ಅಡುಗೆಕೋಣೆಯ ಬಾಗಿಲ ಹಿಂದೆ ನಿಂತಿದ್ದಳು. ಬಟ್ಟೆಯ ಬ್ಯಾಗು ಅವಳ ಕಾಲ ಬಳಿಯೇ ಇತ್ತು.

ಅಳಿಯನಿಗೆ ಆಸೆ ಇತ್ತು. ಹೆಂಡತಿ ನಿಂತ ಕಡೆ ಒಂದು ಸಲ ನೋಡಿ, ಪೇಪರಿನಲ್ಲಿ ಬಂದದ್ದು ನಿಜವಾ ಎಂದು ನನ್ನನ್ನು ಮೆಲ್ಲಗೆ ಕೇಳಿದ. ಅವನ ತಾಯಿ ಸುಮ್ಮನಿರು ಎಂದಳು, ಸುಮ್ಮನಾದ.

"ಒಸಿ ನೀವೇ ಹೇಳಿ ಮೇಡಮ್ಮೋರೆ," ಎಂದಳು ಅಡುಗೆಯಮ್ಮ. "ತೆಗ್ದವ್ರೆ ತಾನೇ?"

ನಾನು ಏನು ಹೇಳಬೇಕಿತ್ತು? ತೆಗೆದಿದ್ದಾರೆ ಎಂದೆ. ಆದರೆ ತೆಗೆದದ್ದು ಕೇತುವನ್ನಲ್ಲ, ಕೇತು ಈ ಗೋಡೆಯ ಮೇಲೆ ಯಾವತ್ತೂ ಇರಲೇ ಇಲ್ಲ ಎಂದೆ. ಇಲ್ಲಿದ್ದದ್ದು ಬೇರೆ, ಅದಕ್ಕೂ ಯಾರ ಹುಳುವಿಗೂ ಯಾರ ಮಗಳಿಗೂ ಸಂಬಂಧವಿಲ್ಲ, ಹುಳು ಸತ್ತದ್ದು ರೋಗದಿಂದ, ಈ ಹುಡುಗಿಯಿಂದಲ್ಲ, ಸುಮ್ಮನೆ ಕರೆದುಕೊಂಡು ಹೋಗಿ ಎಂದೂ ಹೇಳಿದೆ. ಇವತ್ತು ಕೇಳಿದರೂ ಅದನ್ನೇ ಹೇಳುತ್ತೇನೆ. ಆದರೆ ನನ್ನ ಮಾತಿನ ಮೊದಲ ಅರ್ಧ ಮಾತ್ರ ಬೀಗಿತ್ತಿಯ ಕಿವಿಗೆ ಹೋಯಿತು. ಅವಳು ಕೆಟ್ಟ ಹೆಂಗಸಲ್ಲ, ಹೆದರಿದವಳು. ಗೋಡೆಯ ಬಿಳಿಯನ್ನೇ ದಿಟ್ಟಿಸುತ್ತಿದ್ದಳು.

"ಸುಣ್ಣ ಬಳುದ್ರೆ ಓಗ್ಬುಡ್ತಾನಾ ಅವ್ನು? ಎಲ್ಲವ್ನೋ ಅಲ್ಲೇ ಅವ್ನೆ," ಎಂದಳು. "ನಮ್ ಹುಳಗಳ ಮೇಲೂ ಇದೇ ಸುಣ್ಣ ಕಣವ್ವ ಕಟ್ಟಿದ್ದು."

ದಶೆ ಮುಗಿಯಲಿ, ತಾವೇ ಬಂದು ಕರೆದುಕೊಂಡು ಹೋಗುತ್ತೇವೆ ಎಂದು ಹೊರಟರು. ಮೋಟರ್ ಸೈಕಲ್ಲಿನ ಸದ್ದು ಕೇಳಿಸದಂತಾದ ಮೇಲೆ ಮಗಳು ಬ್ಯಾಗನ್ನು ಅಕ್ಕಿಮೂಟೆಯ ಹಿಂದಕ್ಕೆ ತಳ್ಳಿ ಪಾತ್ರೆ ತೊಳೆಯಲು ಕೂತಳು. ಅಡುಗೆಯಮ್ಮ ನನ್ನ ಮೇಲೆ ಕೋಪ ಮಾಡಿಕೊಳ್ಳಲಿಲ್ಲ. ಮಂಗಳವಾರ ಬಂತು, ಬಿಳಿಯ ಜಾಗದ ಕೆಳಗೆ ಮತ್ತೆ ಹುರುಳಿ ಬಂತು.

ಆಮೇಲಿನ ವರ್ಷಗಳು ಹಾಗೇ ಉರುಳಿದವು. ಮಗಳು ತಾಯಿಯ ಜೊತೆ ಒಲೆಯ ಮುಂದೆ ಕೂತಳು. ದಶೆ ಯಾವಾಗ ಮುಗಿಯುತ್ತದೆ ಅನ್ನುವುದು ಅಡುಗೆಕೋಣೆಯ ಸೌದೆಗೂ ಗೊತ್ತಿತ್ತು. ಆ ದಿನ ಬಂದಾಗ ಮಗಳು ತಲೆಗೆ ನೀರು ಹಾಕಿಕೊಂಡು, ಮದುವೆಯ ಸೀರೆ ಉಟ್ಟು, ಯಾರೂ ಕರೆಯಲು ಬರಲಿಲ್ಲ ಎಂದು ತಾನೇ ಬ್ಯಾಗು ಹಿಡಿದು ಹೊರಟಳು. ತಾಯಿ ಬೇಡ ಎಂದಳಂತೆ, ಯಾಕೆ ಬೇಡ ಎಂದು ಹೇಳಲಿಲ್ಲವಂತೆ. ಅವಳು ಚನ್ನಪಟ್ಟಣದ ಬಸ್ಸು ಹತ್ತಿದಳು. ಸಂಜೆ ನಾನು ಮನೆಗೆ ಹೋಗಲು ಸ್ಟಾಪಿನಲ್ಲಿ ನಿಂತಿದ್ದಾಗ ಎದುರಿನ ಬಸ್ಸಿನಿಂದ ಅವಳೇ ಇಳಿದಳು.

ಗಂಡನ ಮನೆಯವರು ಅವನಿಗೆ ಮಾಗಡಿ ಕಡೆಯ ಹುಡುಗಿಯನ್ನು ತಂದುಕೊಂಡು ಆಗಲೇ ಬಹಳ ಕಾಲವಾಗಿತ್ತು. ಮಗುವೂ ಇತ್ತು. ಊರಿಗೆ ಗೊತ್ತಿತ್ತು, ತಾಯಿಗೆ ಗೊತ್ತಿತ್ತು. ಆಸೆಯೊಂದಾದರೂ ಇರಲಿ ಎಂದು ತಾಯಿ ಬಾಯಿ ಬಿಟ್ಟಿರಲಿಲ್ಲ. ನಾನು ಬೇರೆ ಊರಿನವಳು, ನನಗೆ ಯಾರೂ ಹೇಳಿರಲಿಲ್ಲ.

"ಯಾರೂ ಏನೂ ಅನ್ನಿಲ್ಲ ಮೇಡಮ್ಮೋರೆ," ಎಂದಳು ಮಗಳು. "ನೀರು ಕೊಟ್ರು. ಕುಡ್ಕಂಡು ಬಂದೆ."

ಅಡುಗೆಯಮ್ಮ ಈಗ ಇಲ್ಲ. ಅವಳ ಜಾಗದಲ್ಲಿ ಮಗಳೇ ಅಡುಗೆಯವಳು. ಕೊರಳಲ್ಲಿ ತಾಳಿ ಇದೆ, ಕಾಲಲ್ಲಿ ಉಂಗುರ ಇದೆ. ಅವಳನ್ನು ಯಾರೂ ಬಿಟ್ಟಿದ್ದೇವೆ ಎಂದು ಬರೆದುಕೊಟ್ಟಿಲ್ಲ, ಕರೆಯಲೂ ಬಂದಿಲ್ಲ. ನಾನು ಮಧ್ಯೆ ಬೇರೆ ಶಾಲೆಗಳಿಗೆ ಹೋಗಿ, ಮತ್ತೆ ಅದೇ ಶಾಲೆಗೆ ಬಂದಿದ್ದೇನೆ. ಮೊನ್ನೆ ಗೋಡೆಗೆಲ್ಲಾ ಹೊಸ ಬಣ್ಣ ಹೊಡೆಸಿದರು. ರಾಮನಗರದಿಂದ ಬಂದ ಪೇಂಟರು ಹಳೆಯ ಸೌರಮಂಡಲವನ್ನು ಕೆರೆದು ತೆಗೆದು, ನೀಟಾಗಿ ಎಂಟು ಬರೆದು ಹೋದರು. ಸುಣ್ಣದ ಗುರುತೂ ಉಳಿಯಲಿಲ್ಲ.

ಮಕ್ಕಳು ಊಟಕ್ಕೆ ಬರುವ ಮುಂಚೆ ಅವಳು ಕೈ ಒರೆಸಿಕೊಳ್ಳುತ್ತಾ ಬಂದು ನನ್ನ ಪಕ್ಕ ನಿಂತು ಚಿತ್ರ ನೋಡಿದಳು. ಅಂಚಿನಲ್ಲಿ ಕಣ್ಣಾಡಿಸಿದಳು.

"ಅದು ಈಗ್ಲೂ ಸುತ್ತತಾ ಐತಾ?"

ಸುತ್ತುತ್ತಿದೆ, ಮೊದಲಿನ ಹಾಗೇ, ಅದೇ ದಾರಿಯಲ್ಲಿ ಎಂದೆ.

"ಇವ್ರು ಲೆಕ್ಕದಿಂದ ಬುಟ್ಬುಟ್ಟವ್ರೆ ಅಂತ ಅದುಕ್ಕೆ ಗೊತ್ತಾ?"

ಅದು ಕಲ್ಲು, ಮಂಜುಗಡ್ಡೆ, ಅದಕ್ಕೆ ಹೇಗೆ ಗೊತ್ತಾಗುತ್ತದೆ ಎಂದು ನಾನು ಪಾಠದ ದನಿಯಲ್ಲಿ ಹೇಳಿದೆ.

"ಗೊತ್ತಾಗ್ದೆ ಇರ್ಲಿ ಬುಡಿ," ಎಂದಳು.

ಗಂಟೆ ಹೊಡೆಯಿತು. ಮಕ್ಕಳು ತಟ್ಟೆ ಬಡಿಯುತ್ತಾ ಓಡಿ ಬಂದರು. ಅವಳು ಒಳಗೆ ಹೋಗಿ ಅನ್ನ ಬಡಿಸತೊಡಗಿದಳು.