ಬಾಗಿಲು ಸುಟ್ಟವನ ಮೊಮ್ಮಗಳು

ಇವಳ ಅಜ್ಜನನ್ನು ಜನ ಕರೆಯುತ್ತಿದ್ದದ್ದೇ ಬಾಗಿಲುಸುಡುಕ ಎಂದು. ಬಟ್ಟೆ ಒಗೆಯುವ ಕಾರ್ಖಾನೆಯಲ್ಲಿ ಬಾಯ್ಲರಿಗೆ ಸೌದೆ ಒಟ್ಟುವ ಕೆಲಸ ಅವನದು. ಒಂದು ಚಳಿಗಾಲ ಸೌದೆ ಗಾಡಿ ಬರಲೇ ಇಲ್ಲ. ಆಸ್ಪತ್ರೆಯ ಹಾಸಿಗೆ ಬಟ್ಟೆಗಳೆಲ್ಲ ತಣ್ಣೀರಲ್ಲಿ ನೆನೆದು ಕೂತಿದ್ದವು. ಅಜ್ಜ ಮೊದಲು ತಾನು ಕೂರುವ ಮಣೆಯನ್ನು ಬೆಂಕಿಗೆ ಹಾಕಿದ, ಆಮೇಲೆ ಬೆಂಚು, ಕೊನೆಗೆ ಬಾಯ್ಲರ್ ಕೋಣೆಯ ಬಾಗಿಲನ್ನೇ ಕಿತ್ತು ಸೀಳಿದ. ಬಟ್ಟೆಗಳೇನೋ ಬೆಂದವು, ಅವನು ಮಾತ್ರ ಬಾಗಿಲಿಲ್ಲದ ಕೋಣೆಯಲ್ಲಿ ಚಳಿಗಾಲವೆಲ್ಲ ಗಡಗಡ ನಡುಗಿದ. ಅಜ್ಜಿಯದು ಬೇರೆಯೇ ವಿದ್ಯೆ. ಸಂಜೆ ಕೆಂಡಕ್ಕೆ ಬೂದಿ ಹೊದಿಸಿದಳೆಂದರೆ, ಬೆಳಿಗ್ಗೆ ಕೆದಕಿದಾಗ ಹಸುಗೂಸಿನ ಹಾಗೆ ಕಣ್ಣುಬಿಡುತ್ತಿತ್ತು. ಅಪ್ಪ ಇಬ್ಬರ ಕೆಲಸವನ್ನೂ ಕಲಿತ, ಮಾತೊಂದನ್ನು ಕಲಿಯಲಿಲ್ಲ. ಇಂಥ ಬೆಂಕಿಯ ಮನೆತನದಲ್ಲಿ ಹುಟ್ಟಿದವಳು ಬಾಯ್ಲರ್ ಬಾಯಿಯ ಮುಂದಲ್ಲದೆ ಇನ್ನೆಲ್ಲಿ ನಿಂತಾಳು!

ಗಂಡ ಅದೇ ಕಾರ್ಖಾನೆಯ ಗಾಡಿಯವನು. ಒಗೆದ ಬಟ್ಟೆಯನ್ನು ಮನೆಮನೆಗೆ ಮುಟ್ಟಿಸಿ ಇಳಿಹೊತ್ತಿಗೆ ಮರಳುತ್ತಿದ್ದ. ಬೂದಿ ಡಬ್ಬದ ಮುಚ್ಚಳದ ಮೇಲೆ ಕಿರ್ರೆಂದು ಕೂತು, "ಏ ಬೂದಿರಾಣಿ, ನಿನ್ನ ಬಾಯ್ಲರ್ ಉಂಡಾಯ್ತು. ನಮ್ಮದು ಯಾವಾಗ?" ಅನ್ನುತ್ತಿದ್ದ. ಅವನು ಬರುವ ತನಕ ಅವಳು ತುತ್ತು ಮುಟ್ಟಿದವಳಲ್ಲ. ಇಬ್ಬರಿಗೂ ಒಂದೇ ಊಟದ ಡಬ್ಬಿ. ಬೇಯಿಸಿದ ಆಲೂಗಡ್ಡೆಯ ಸಿಪ್ಪೆಯನ್ನು ಅವನೇ ಸುಲಿಯಬೇಕು.

"ನಿನ್ನ ಮಸಿ ಕೈಗೆ ಕೊಟ್ರೆ ನನ್ನ ಹೊಟ್ಟೆ ಹೊಗೆಗೂಡಾಗುತ್ತೆ ಮಾರಾಯ್ತಿ!"

ಆ ಗಂಡ ಒಂದು ದಿನ ಎದೆ ಹಿಡಿದುಕೊಂಡು ಕೂತವನು ಏಳಲಿಲ್ಲ.

ಮೊದಮೊದಲು ಅವಳಿಗೆ ಹಸಿವೇ ಆಗಲಿಲ್ಲ. ಆಮೇಲೆ ಆದ ಹಸಿವನ್ನು ಅವಳೇ ತಡೆದು ದಾಟತೊಡಗಿದಳು. ಹೊಟ್ಟೆ ರಂಪ ಮಾಡಿ, ಕೈಕಾಲು ನಡುಗಿಸಿ, ಕೊನೆಗೆ ಸೋತು ಸುಮ್ಮನಾಗುವ ಒಂದು ಘಳಿಗೆಯಿದೆ. ಆಗ ಅವಳ ತಲೆ ತೊಳೆದಿಟ್ಟ ಗಾಜಿನಂತೆ ತಿಳಿಯಾಗುತ್ತಿತ್ತು. ಉಸಿರಿಗೆ ಕಳಿತ ಹಣ್ಣಿನ ವಾಸನೆ ಬರುತ್ತಿತ್ತು. ಆ ಘಳಿಗೆಯಲ್ಲೇ ಡಬ್ಬದ ಮುಚ್ಚಳ ಕಿರ್ರೆನ್ನುವುದು, "ಏ ಬೂದಿರಾಣಿ" ಎನ್ನುವ ದನಿ ಕಿವಿಯ ಹತ್ತಿರವೇ ಕೇಳುವುದು. ಉಂಡರೆ ಬರೀ ತೂಕಡಿಕೆ; ದನಿಯಿಲ್ಲ. ಅದಕ್ಕೇ ಊಟವನ್ನು ಇಂದು ನಾಳೆ ಎಂದು ದೂಡುತ್ತಾ ಹೋದಳು. ಅಜ್ಜಿಯ ವಿದ್ಯೆಯನ್ನು ತನ್ನ ಹೊಟ್ಟೆಗೇ ಹಚ್ಚಿದ್ದೇನೆ, ಮೇಲೆ ಬೂದಿಯಿದ್ದರೂ ಒಳಗೆ ಕೆಂಡ ಕ್ಷೇಮವಾಗಿದೆ ಎಂದು ಅವಳ ನಂಬಿಕೆ.

ಒಂದು ಮಧ್ಯಾಹ್ನ ಎತ್ತಿದ ಸೌದೆ ಎದೆಮಟ್ಟಕ್ಕೂ ಬರಲಿಲ್ಲ. ಕೈ ಸೋತು, ಬಾಯ್ಲರ್ ಮುಂದೆಯೇ ಕುಸಿದಳು. ಸುದ್ದಿ ತಿಳಿದು, ಆಸ್ಪತ್ರೆಯಲ್ಲಿ ನರ್ಸಾಗಿದ್ದ ತಂಗಿ ಡಬ್ಬಿ ಹಿಡಿದು ಓಡಿಬಂದಳು.

"ತೋಳು ನೋಡ್ಕೊಂಡಿದೀಯಾ? ಪೊರಕೆ ಕಡ್ಡಿ! ಏನು ಮಾಡ್ಕೊಳ್ತಿದೀಯಕ್ಕ?"

"ಬೂದಿ ಮುಚ್ಚಿಟ್ಟಿದೀನಿ ಕಣೆ. ಬೆಂಕಿ ಆರಿಲ್ಲ."

"ಬೂದಿ ಮುಚ್ಚಿದ ಕೆಂಡ ಮಲಗುತ್ತೆ. ಮೈ ಮಲಗಲ್ಲ. ಎದೆ ಬಡೀತಾನೇ ಇರ್ಬೇಕು, ತಲೆ ಓಡ್ತಾನೇ ಇರ್ಬೇಕು. ಉಂಡಾಗ ಬಂದ ಸಕ್ಕರೇಲಿ ಒಂದಿಷ್ಟನ್ನ ಲಿವರ್ ಎತ್ತಿಟ್ಕೊಂಡು, ಹಸಿದಾಗ ಸ್ವಲ್ಪಸ್ವಲ್ಪ ಬಿಡುತ್ತೆ. ಒಂದು ದಿನ ಉಣ್ಣದಿದ್ರೆ ಅದು ಬಹುಪಾಲು ಖಾಲಿ. ಆಮೇಲೆ ಕೊಬ್ಬು ಕರಗಿಸಿ ಉರಿಸುತ್ತೆ. ನಿನ್ನ ಉಸಿರಿನ ಹಣ್ಣಿನ ವಾಸನೆ ಅದರದೇ. ಜೊತೆಗೆ ತೋಳಿನ ಮಾಂಸಕ್ಕೂ ಕೈ ಹಾಕುತ್ತೆ." ತಂಗಿ ಅಕ್ಕನ ತೋಳನ್ನು ಹಿಡಿದು ಮೆಲ್ಲಗೆ ಅಲುಗಿಸಿದಳು. "ಇದು ಅಜ್ಜಿ ವಿದ್ಯೆಯಲ್ಲಕ್ಕ, ಅಜ್ಜನದು. ಮಣೆ ಬೆಂಚು ಸುಟ್ಟಾಯ್ತು. ಈಗ ಬಾಗಿಲು ಸೀಳ್ತಿದೀಯ."

ಅಕ್ಕ ತನ್ನ ತೋಳನ್ನು ಸವರಿ ನೋಡಿಕೊಂಡಳು. ಬೆಂಕಿಯ ಲೆಕ್ಕದಲ್ಲಿ ತಾನು ತಪ್ಪಿದೆನೆಂಬುದು ಅವಳಿಗೆ ಬಡಿದ ಹಾಗಿತ್ತು. ಆದರೂ ಬಾಯಿಗೆ ಬಂದದ್ದು ಬೇರೆ ಮಾತು.

"ಉಂಡ್ರೆ ಅವರು ಬರಲ್ಲ ಕಣೆ."

ತಂಗಿಯ ಸಿಟ್ಟೆಲ್ಲ ಜರ್ರನೆ ಇಳಿಯಿತು. "ಭಾವ ಬಂದ್ರೂ, ಎದುರಿಗೆ ಕೂರೋಕೆ ನೀನಿರ್ಬೇಕಲ್ಲಕ್ಕ? ನಡಿ ನಮ್ಮನೆಗೆ. ಹೊತ್ತುಹೊತ್ತಿಗೆ ನಾನೇ ತಿನ್ನಿಸ್ತೀನಿ" ಎಂದು ಡಬ್ಬಿ ಬಿಚ್ಚಿ, ಆಲೂಗಡ್ಡೆಯೊಂದನ್ನು ಎತ್ತಿ ಸಿಪ್ಪೆಗೆ ಉಗುರು ಹಾಕಿದಳು.

ಇಳಿಬಿಸಿಲು ಬೂದಿ ಡಬ್ಬದ ಮುಚ್ಚಳಕ್ಕೆ ಬಂದಿತ್ತು. ಅಕ್ಕ ತಂಗಿಯ ಮಣಿಕಟ್ಟು ಹಿಡಿದು, ಆಲೂಗಡ್ಡೆಯನ್ನು ತನ್ನ ಕೈಗೆ ತೆಗೆದುಕೊಂಡಳು.

"ಬೇಡ ಕಣೆ. ಸಿಪ್ಪೆ ಸುಲಿಯೋದು ಅವರ ಕೆಲಸ, ಇನ್ಮೇಲೆ ನಂದು. ಮಸಿಯಾದ್ರೆ ನನ್ನ ಹೊಟ್ಟೆನೇ ತಾನೆ ಹೊಗೆಗೂಡಾಗೋದು! ಕಂದಿದ ಬೆಂಕಿಗೆ ಹೊರೆಗಟ್ಟಲೆ ಸುರೀದೆ ಚಕ್ಕೆಚಕ್ಕೆಯಾಗಿ ಕೊಡ್ಬೇಕು, ಅದು ನಂಗೊತ್ತು. ದನಿ ಕೇಳ್ದಿದ್ರೆ ಕೇಳ್ದಿರ್ಲಿ, ಅವರು ಬರ್ತಿದ್ದ ಹೊತ್ತಿಗೆ, ಅವರ ಜಾಗದ ಎದುರಿಗೇ ಕೂತು ಉಣ್ತೀನಿ. ನೀ ಡಬ್ಬಿ ಇಟ್ಟು ಹೊರಡು. ಬಾಯ್ಲರ್‌ಗೆ ಉಣಿಸೋಳಿಗೆ ಇನ್ನೊಬ್ಬರು ಉಣಿಸೋದು ಬೇಡ."